ಮಗಳ ಚೀಲ, ಅಪ್ಪನ ಹೆಗಲು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಫೋಟೋ. ಶನಿವಾರ ಬೆಳಿಗ್ಗೆ ಪಂಚಾಕ್ಷರಿ ಡಾಕ್ಟರು ಮ್ಯಾಂಚೆಸ್ಟರಿನ ವಿದನ್‌ಶಾ ಬಡಾವಣೆಯ ತಮ್ಮ ಮನೆಯ ಅಡಿಗೆಕಟ್ಟೆಗೆ ಒರಗಿ ಚಹಾ ಹೀರುತ್ತಿದ್ದಾಗ ಅದು ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬಂದು ಬಿತ್ತು. ಫೋಟೋದಲ್ಲಿದ್ದವಳು ಅವರ ಮಗಳು ಶಿವಗಂಗಾ. ಎಡಹೆಗಲಿಗೆ ಎರಡು ಚೀಲ, ಬಲಹೆಗಲಿಗೆ ಎರಡು, ಕೈಯಲ್ಲಿ ನೀರಿನ ಬಾಟಲಿಗಳ ಬುಟ್ಟಿ. ಆರಡಿಯ ಹುಡುಗಿ ಅಷ್ಟು ಸಾಮಾನಿನ ನಡುವೆ ಹುಡುಕಿದರೆ ಮಾತ್ರ ಸಿಗುವಂತಿದ್ದಳು. ಅವಳ ಹಿಂದೆ ತಂಡದ ಉಳಿದ ಹೆಣ್ಣುಮಕ್ಕಳು ಕೈಬೀಸಿಕೊಂಡು ನಗುತ್ತ ಬರುತ್ತಿದ್ದರು.

ಕೆಳಗೆ ಚಿದಾನಂದನ ಟಿಪ್ಪಣಿ: “ಡಾಕ್ಟರ ಮಗಳು ಬ್ಯಾಸ್ಕೆಟ್‌ಬಾಲ್ ಆಡಾಕ ಹೋಗ್ಯಾಳೋ, ಹಮಾಲಿ ಮಾಡಾಕ ಹೋಗ್ಯಾಳೋ?” ಅದರ ಕೆಳಗೆ ಹನ್ನೊಂದು ನಗುವ ಮುಖಗಳು.

ಈ ಚಿದಾನಂದ ಎರಡು ಮನೆ ಆಚೆಯವನು, ವಿಮಾನ ನಿಲ್ದಾಣದಲ್ಲಿ ಎಂಜಿನಿಯರು. ವಿಮಾನದ ಒಂದೊಂದು ತಿರುಪೂ ಅವನಿಗೆ ಗೊತ್ತು. ತನ್ನ ಮೂಗನ್ನು ತನ್ನ ಮನೆಯೊಳಗೇ ಇಟ್ಟುಕೊಳ್ಳುವುದು ಹೇಗೆ ಅನ್ನುವುದೊಂದು ಗೊತ್ತಿಲ್ಲ.

ಡಾಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಲಫ್‌ಬರೋ ವಿಶ್ವವಿದ್ಯಾಲಯದಲ್ಲಿದ್ದಾಗ ಶಿವಗಂಗಾ ಅಂದರೆ ಒಂದು ಪಂದ್ಯಕ್ಕೆ ಮೂವತ್ತು ಪಾಯಿಂಟು. ಊರ ಪತ್ರಿಕೆಯಲ್ಲಿ ‘ನಾಳೆಯ ತಾರೆ’ ಎಂದು ಅರ್ಧ ಪುಟ ಬಂದಿತ್ತು. ಆ ಅರ್ಧ ಪುಟವನ್ನು ಡಾಕ್ಟರು ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದರು. ಈ ವರ್ಷ ಅವಳು ಮ್ಯಾಂಚೆಸ್ಟರಿನ ‘ಹೆರನ್ಸ್’ ಎಂಬ ವೃತ್ತಿಪರ ತಂಡ ಸೇರಿದಳು. ಐದು ಪಂದ್ಯ ಆದವು. ಐದೂ ಸೇರಿ ತಾರೆ ಆಡಿದ್ದು ಎಂಟು ನಿಮಿಷ, ಹಾಕಿದ್ದು ಎರಡು ಪಾಯಿಂಟು. ಉಳಿದ ಹೊತ್ತೆಲ್ಲ ಬೆಂಚಿನ ಮೇಲೆ ಕೂತು ಚಪ್ಪಾಳೆ.

ಐದಕ್ಕೈದೂ ಪಂದ್ಯಕ್ಕೆ ಡಾಕ್ಟರು ಹೋಗಿದ್ದರು. ಅವರು ಅರಿವಳಿಕೆ ತಜ್ಞರು. ಮಲಗಿಸಿದ ರೋಗಿಯ ತಲೆದೆಸೆಯಲ್ಲಿ ಆರು ತಾಸು ಅಲುಗಾಡದೆ ಕೂರಬಲ್ಲರು. ಆದರೆ ಮಗಳು ಬೆಂಚಿನ ಮೇಲೆ ಕೂತದ್ದನ್ನು ಆರು ನಿಮಿಷ ನೋಡಲಾರರು. ಅವರಿಗೆ ಕಪ್ಪು ಬೇಡ, ಪದಕ ಬೇಡ. ಮಗಳು ಮೊದಲಿಂದ ಕೊನೆಯವರೆಗೆ ಆಡುವ ಒಂದೇ ಒಂದು ಪಂದ್ಯವನ್ನು ಕಣ್ತುಂಬ ನೋಡಬೇಕು, ಅಷ್ಟೇ.

ಕೂಡಲೆ ಫೋನು ಹಚ್ಚಿದರು. “ಏನವ್ವಾ ಗಂಗಾ, ಇದೇನ ಫೋಟೋ? ಊರಮಂದಿ ಚೀಲ ಎಲ್ಲಾ ನೀನ ಹೊರಬೇಕೇನು?”

“ಅಪ್ಪಾ, ರಿಲ್ಯಾಕ್ಸ್. ಇಟ್ಸ್ ಜಸ್ಟ್ ರೂಕಿ ಡ್ಯೂಟಿ.”

ಅಂದರೆ, ಹೊಸದಾಗಿ ಸೇರಿದವರು ಮೊದಲ ವರ್ಷ ಎಲ್ಲರ ಚೀಲ ಹೊರಬೇಕು, ಬಾಟಲಿ ತುಂಬಬೇಕು, ಟವಲು ಕೊಡಬೇಕು. ಅದು ಅಲ್ಲಿನ ಪದ್ಧತಿ. ಈ ವರ್ಷ ಹೊಸಬಳು ಅಂತ ಇದ್ದವಳು ಇವಳೊಬ್ಬಳೇ. “ಐ ಡೋಂಟ್ ಮೈಂಡ್. ಆ್ಯಂಡ್ ಪ್ಲೀಸ್, ಇವತ್ತು ಮ್ಯಾಚಿಗೆ ಬಂದು ಏನೂ ಮಾಡಬೇಡ,” ಎಂದು ಫೋನಿಟ್ಟಳು. ಏನೂ ಮಾಡಬೇಡ ಅನ್ನಿಸಿಕೊಂಡು ಸುಮ್ಮನೆ ಕೂತವರು ಪಂಚಾಕ್ಷರಿಯವರ ವಂಶದಲ್ಲಿ ಇದುವರೆಗೆ ಯಾರೂ ಆಗಿಹೋಗಿಲ್ಲ.

“ಯವ್ವಾ, ರೋಗ ಸಿಕ್ತು ನೋಡು,” ಎಂದರು ತಾಯಿಗೆ. ಸಿದ್ದವ್ವ ಗದಗಿನಿಂದ ಬಂದು ಎರಡು ತಿಂಗಳಾಗಿತ್ತು. “ಚೀಲ ಹೊತ್ತು ಹೊತ್ತು ಹುಡುಗಿ ಭುಜ ಸೋತಾವ. ಆಟಕ್ಕ ನಿಂತಾಗ ಕೈ ಏಳಂಗಿಲ್ಲ. ಅದಕ್ಕ ಕೋಚು ಕೂಡಸ್ತಾಳ.”

“ಖರೇನ ಬಿಡು ತಮ್ಮಾ. ದಿನಾ ಗಾಡಿ ಎಳದ ಎತ್ತು ಓಟದಾಗ ಓಡತೈತೇನು? ಮತ್ತ ಓಡೋ ಹುಡುಗಿಗೆ ಬರೇ ನಳದ ನೀರು ಕುಡಸ್ತಾರಂತ. ತಡಿ, ನಾ ಮಜ್ಜಿಗಿ ಮಾಡಿಕೊಡ್ತೀನಿ.”

ಸೊಸೆ ಅಹಲ್ಯಾ ಜಿಪಿ, ಅಂದರೆ ಬಡಾವಣೆಯ ದವಾಖಾನೆಯ ವೈದ್ಯೆ. ಅವತ್ತು ಅವಳಿಗೆ ಡ್ಯೂಟಿ ಇತ್ತು, ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ. ಸಿದ್ದವ್ವ ಐದು ಲೀಟರಿನ ಕ್ಯಾನಿನ ತುಂಬ ಮಜ್ಜಿಗೆ ಕಡೆದು, ಶುಂಠಿ ಜಜ್ಜಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು, ಮುಚ್ಚಳ ಬಿಗಿದು ತಾನೂ ಹೊರಟು ನಿಂತಳು. ಕಾರು ತೆಗೆಯುವ ಹೊತ್ತಿಗೆ ಚಿದಾನಂದ ಹಿಂದಿನ ಬಾಗಿಲು ತೆಗೆದು ಕೂತೇಬಿಟ್ಟ.

“ನಾನೂ ಬರ್ತೀನ್ರಿ ಡಾಕ್ಟರ್ರೇ. ಎಷ್ಟು ಚೀಲ ಹೊರತಾಳ, ಎಣಿಸಾಕರೆ ಒಬ್ಬರು ಬೇಕಲ್ಲ!”

ಕ್ರೀಡಾಂಗಣದ ಕಾರ್ ಪಾರ್ಕಿನಲ್ಲಿ ಶಿವಗಂಗಾ ವ್ಯಾನಿನಿಂದ ಚೀಲ ಇಳಿಸುತ್ತಿದ್ದಳು. ಡಾಕ್ಟರು ಓಡಿಹೋಗಿ ಕಸಿದುಕೊಂಡರು.

“ಅಪ್ಪಾ! ನೋ!”

“ನೀ ಸುಮ್ನಿರು. ಭುಜ ಸಡಿಲ ಬಿಡು. ಇವತ್ತ ನೀ ಆಡಬೇಕು.”

ಅಷ್ಟರಲ್ಲಿ ಬೆಥ್ ಬಂದಳು. ತಂಡದ ನಾಯಕಿ, ಆರಡಿ ನಾಲ್ಕಂಗುಲ, ಮೊಣಕಾಲಿಗೆಲ್ಲ ಪಟ್ಟಿ. ಅವಳ ಚೀಲ ಅವಳ ಕೈಯಲ್ಲೇ ಇತ್ತು, ಬಿಟ್ಟಿದ್ದರೆ ಸುಮ್ಮನೆ ಒಳಗೆ ಹೋಗುತ್ತಿದ್ದಳು. ಆದರೆ ಗದಗಿನ ಕಡೆಯ ಮಂದಿಗೆ ಒಂದು ಚಾಳಿ: ಬಂದವರ ಕೈಯಿಂದ ಮೊದಲು ಚೀಲ ಇಸಿದುಕೊಳ್ಳುವುದು, ‘ಬರ್ರಿ’ ಅನ್ನುವುದು ಆಮೇಲೆ. ಮೂವತ್ತು ವರ್ಷ ಇಂಗ್ಲೆಂಡಿನಲ್ಲಿದ್ದರೂ ಡಾಕ್ಟರಿಗೆ ಅದು ಬಿಟ್ಟಿರಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು. ಬೆಥ್ ಕೊಟ್ಟಳು. ಅವಳ ಹಿಂದಿದ್ದವಳೂ ಕೊಟ್ಟಳು. ಅವಳ ಹಿಂದಿದ್ದವಳು ಕೋಟನ್ನೂ ಕೊಟ್ಟಳು. ಎರಡು ನಿಮಿಷದಲ್ಲಿ ಡಾಕ್ಟರ ಮೈಮೇಲೆ ಏಳು ಚೀಲ. ಚಿದಾನಂದ ದೂರದಲ್ಲಿ ನಿಂತು ಫೋನಿನಲ್ಲಿ ತೆಗೆಯುತ್ತಲೇ ಇದ್ದ.

ಬಾಗಿಲಲ್ಲಿ ಕೋಚ್ ಡೆನೀಸ್ ಸಿಕ್ಕಳು. ಐವತ್ತರ ಹೆಂಗಸು, ಕೊರಳಲ್ಲಿ ಸೀಟಿ, ಮುಖದಲ್ಲಿ ನಗು ಎಂಬುದು ಹಬ್ಬಕ್ಕೊಮ್ಮೆ. ಏದುಸಿರು ಬಿಡುತ್ತಿದ್ದ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದಳು.

“ಯಾರಿವರು?”

“ಮೈ ಡ್ಯಾಡ್,” ಎಂದಳು ಶಿವಗಂಗಾ, ನೆಲ ನೋಡುತ್ತ.

“ಅಂಗಣದ ಗೆರೆಯೊಳಗೆ ಬರುವುದಾದರೆ ಇದು ಹಾಕಿಕೊಳ್ಳಬೇಕು, ಲವ್,” ಎಂದು ಡೆನೀಸ್ ಒಂದು ಹಳದಿ ಜಾಕೀಟನ್ನು ಡಾಕ್ಟರ ತಲೆಯ ಮೇಲೆ ಎಸೆದಳು. ಅಲ್ಲಿ ಸಿಕ್ಕವರನ್ನೆಲ್ಲ ‘ಲವ್’ ಅನ್ನುವುದು ವಾಡಿಕೆ, ಬೈಗುಳವೋ ಸ್ವಾಗತವೋ ತಿಳಿಯಲಿಲ್ಲ. ಡಾಕ್ಟರು ಹಾಕಿಕೊಂಡರು. ನೋಡಿದರೆ ಅವರ ಜಾಗ ಮಗಳ ಬೆಂಚಿನಿಂದ ಮೂರೇ ಹೆಜ್ಜೆ! ದುಡ್ಡು ಕೊಟ್ಟರೂ ಸಿಗದ ಸೀಟು. ಮೇಲಿನ ಸಾಲಿನಲ್ಲಿ ಇಳಕಲ್ ಸೀರೆಯ ಸಿದ್ದವ್ವನಿಗೆ ಕೈಬೀಸಿದರು.

ಎದುರಾಳಿ ಬರ್ಮಿಂಗ್‌ಹ್ಯಾಮಿನ ತಂಡ. ಮೊದಲ ಕಾಲುಭಾಗ ಮುಗಿಯಿತು, ಶಿವಗಂಗಾ ಬೆಂಚಿನ ಮೇಲೇ ಇದ್ದಳು. ಅವಳು ಟವಲಿಗೆ ಕೈಹಾಕಿದರೆ ಡಾಕ್ಟರು ಕಸಿದು ತಾವೇ ಕೊಡುತ್ತಿದ್ದರು. ಬಾಟಲಿ ಮುಟ್ಟಿದರೆ ತಾವೇ ತುಂಬುತ್ತಿದ್ದರು. “ಭುಜ, ಭುಜ!” ಎಂದು ಗದರುವುದು ಬೇರೆ. ಎರಡನೆಯ ಕಾಲುಭಾಗದಲ್ಲಿ ಡೆನೀಸ್ ಕೊನೆಗೂ ಬೆರಳು ತೋರಿಸಿದಳು. ಶಿವಗಂಗಾ ಎದ್ದಳು.

ಲಫ್‌ಬರೋದಲ್ಲಿ ಇವಳು ಓಡಿಬಂದರೆ ಹುಡುಗಿಯರು ದಾರಿ ಬಿಡುತ್ತಿದ್ದರು. ಇಲ್ಲಿ ಮೂವತ್ತನಾಲ್ಕು ವರ್ಷದ, ಎರಡು ಮಕ್ಕಳ ತಾಯಿಯೊಬ್ಬಳು ಸೊಂಟ ಅಡ್ಡ ಕೊಟ್ಟಳು ಅಷ್ಟೇ, ನಮ್ಮ ತಾರೆ ಜಾರಿಕೊಂಡು ಹೋಗಿ ಜಾಹೀರಾತಿನ ಹಲಗೆಗೆ ಬಡಿದಳು. ಎದ್ದು ಬಂದು ಚೆಂಡು ಹಿಡಿದಳು, ಗಾಬರಿಯಲ್ಲಿ ಚೆಂಡು ಪುಟಿಸದೆ ಹೆಜ್ಜೆ ಇಟ್ಟಳು, ಸೀಟಿ. ಮತ್ತೆ ಸಿಕ್ಕಿತು, ಎಸೆದಳು, ಅದೇ ತಾಯಿ ಗಾಳಿಯಲ್ಲೇ ಅದನ್ನು ಹೊಡೆದು ಕೆಡವಿ “ವೆಲ್‌ಕಮ್, ಲವ್” ಎಂದಳು. ಎರಡು ನಿಮಿಷಕ್ಕೆ ಡೆನೀಸ್ ವಾಪಸು ಕರೆದಳು. ಶಿವಗಂಗಾ ಬಂದು ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡಳು.

ಡಾಕ್ಟರು ಬಗ್ಗಿ ನೋಡಿದರು. ಅತ್ತಳೋ ಏನೋ ಪಾಪ. ಬೆಂಚಿನ ಕೆಳಗೆ ತಂದಿಟ್ಟಿದ್ದ ಮಜ್ಜಿಗೆಯ ಕ್ಯಾನು ನೆನಪಾಯಿತು. ಮಗಳ ಬಾಟಲಿಯ ನೀರು ಚೆಲ್ಲಿ ಮಜ್ಜಿಗೆ ತುಂಬಿದರು. ತುಂಬಿದ ಮೇಲೆ ಕೈ ತಡೆಯಿತು. ಹನ್ನೆರಡು ಜನರ ಬಾಟಲಿ ಸಾಲಾಗಿ ಕೂತಿವೆ, ತಮ್ಮ ಕೂಸೊಂದಕ್ಕೆ ಮಾತ್ರ ಬಡಿಸಿ ಮುಂದೆ ಹೋಗುವುದೆ? ಪಂಕ್ತಿಭೇದ ಮಾಡಿದವರು ಅನ್ನಿಸಿಕೊಳ್ಳುವುದೆ? ಮೇಲೆ ಅವ್ವ ಬೇರೆ ಕೂತು ನೋಡುತ್ತಿದ್ದಾಳೆ. ಹನ್ನೆರಡೂ ಬಾಟಲಿಗೆ ತುಂಬಿದರು, ಕೆಳಗಿಳಿದ ಒಗ್ಗರಣೆ ಎಲ್ಲರಿಗೂ ಸಮನಾಗಿ ಬರಲಿ ಎಂದು ಕ್ಯಾನು ಕಲಕಿ ಕಲಕಿ ತುಂಬಿದರು.

ವಿರಾಮ ಕಳೆದು ಆಟ ಶುರುವಾಯಿತು. ಟೈಮ್‌ಔಟಿನಲ್ಲಿ ಬೆಥ್ ಬಾಟಲಿ ಎತ್ತಿ ಅದುಮಿದಳು. ಏನೂ ಬರಲಿಲ್ಲ. ಮೂತಿಗೆ ಕರಿಬೇವಿನೆಲೆ ಸಿಕ್ಕಿಕೊಂಡಿತ್ತು. ಬೆಥ್ ಎರಡೂ ಕೈಯಿಂದ ಜೋರಾಗಿ ಅದುಮಿದಳು. ಮುಚ್ಚಳ ಪಟ್ಟನೆ ಹಾರಿತು, ಅದರ ಹಿಂದೆಯೇ ಕಾಲು ಲೀಟರು ಮಜ್ಜಿಗೆಯೂ ಹಾರಿ, ಪಕ್ಕದಲ್ಲಿ ನಿಂತಿದ್ದ ರೆಫರಿಯ ನೆತ್ತಿಯಿಂದ ಬೂಟಿನವರೆಗೆ ಇಳಿಯಿತು.

ಎಂಟುನೂರು ಜನ ಎದ್ದು ನಿಂತು ನೋಡಿದರು. ರೆಫರಿ ಹುಬ್ಬಿನ ಮೇಲಿದ್ದ ಒಂದು ಸಾಸಿವೆಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಸೀಟಿ ಊದಿ ನೆಲ ತೋರಿಸಿದ. ಶಿವಗಂಗಾ ಒರೆಸಲು ಎದ್ದಳು. “ಭುಜ!” ಎಂದು ಅಪ್ಪ ಕಿರುಚಿದರು. ಮ್ಯಾಂಚೆಸ್ಟರಿನ ಹಿರಿಯ ಅರಿವಳಿಕೆ ತಜ್ಞರು ಮೊಣಕಾಲೂರಿ, ಹಳದಿ ಜಾಕೀಟಿನಲ್ಲಿ, ಮೂಲೆಯಿಂದ ಮೂಲೆಗೆ ನೆಲ ಒರೆಸಿದರು. ಮೇಲಿನಿಂದ ಚಿದಾನಂದನ ದನಿ ಸ್ಪಷ್ಟವಾಗಿ ಕೇಳಿತು: “ಡಾಕ್ಟರ್ರೇ, ಆ ಕಡೀಗೆ ಸ್ವಲ್ಪ ಉಳದೈತಿ ನೋಡ್ರಿ!”

ಈಗ ನೋಡಿ ತಮಾಷೆ. ಬಾಟಲಿಯಲ್ಲಿ ಉಳಿದದ್ದನ್ನು ಬೆಥ್ ಕುಡಿದಳು. ಕಣ್ಣು ದೊಡ್ಡದಾಯಿತು. ಮೂಗು ಒರೆಸಿಕೊಂಡಳು. “ಇನ್ನೂ ಇದೆಯಾ?” ಎಂದಳು. ಹೋಗಿ ಸತತವಾಗಿ ನಾಲ್ಕು ಬ್ಯಾಸ್ಕೆಟ್ ಹಾಕಿದಳು. ಶುಂಠಿಯ ಖಾರಕ್ಕೋ, ಸಿಟ್ಟಿಗೋ, ವೈದ್ಯಶಾಸ್ತ್ರ ಇನ್ನೂ ಹೇಳಿಲ್ಲ. ಹೆರನ್ಸ್ ಮೂರು ಪಾಯಿಂಟಿನಿಂದ ಗೆದ್ದಿತು. ಶಿವಗಂಗಾ ಮತ್ತೆ ಅಂಗಣಕ್ಕಿಳಿಯಲೇ ಇಲ್ಲ.

ಪಂದ್ಯ ಮುಗಿದ ಮೇಲೆ ಡಾಕ್ಟರು ಏಳು ಚೀಲವನ್ನೂ ವ್ಯಾನಿಗೇರಿಸಿದರು. ಬೆನ್ನು ಹಿಡಿದಿತ್ತು. ಮಗಳು ಮುಖ ತಿರುಗಿಸಿ ನಿಂತಿದ್ದಳು. ಅಷ್ಟರಲ್ಲಿ ಡೆನೀಸ್ ಬಂದಳು, ಮುಖದ ಮೇಲೆ ನಗು! ಸರಿ, ಮಾಡಿದ ಸೇವೆ ವ್ಯರ್ಥವಾಗಲಿಲ್ಲ, ಮುಂದಿನ ವಾರ ಮಗಳಿಗೆ ಪೂರ್ತಿ ಆಟ ಎಂದುಕೊಂಡರು ಡಾಕ್ಟರು.

“ಡಾಕ್ಟರೇ, ಇಪ್ಪತ್ತು ವರ್ಷದಲ್ಲಿ ನಿಮ್ಮಷ್ಟು ಚುರುಕಾದ ಹೊಸಬರನ್ನು ನಾನು ನೋಡಿಲ್ಲ. ನಿಮಗೆ ಶನಿವಾರ ಬಿಡುವಿರುತ್ತದೆಯೇ?”

“ಏಪ್ರಿಲ್‌ವರೆಗೆ ಎಲ್ಲಾ ಶನಿವಾರವೂ ಬಿಡುವೇ! ಕ್ರಿಸ್ಮಸ್ ಡ್ಯೂಟಿ ನಾನೇ ಮಾಡ್ತೀನಿ ಅಂತ ಹೇಳಿ ಆಸ್ಪತ್ರೆಯ ಪಾಳಿ ಬದಲಿಸಿಕೊಂಡಿದ್ದೇನೆ.”

“ಹಾಗಾದರೆ ಸೀಸನ್ ಮುಗಿಯುವವರೆಗೆ ಬರುತ್ತೀರಾ? ಚೀಲ, ಬಾಟಲಿ, ಟವಲು?”

ಮಗಳ ಪಕ್ಕದಲ್ಲೇ ಇರುವ ಭಾಗ್ಯ! “ಮಾತು ಕೊಟ್ಟೆ,” ಎಂದು ಡಾಕ್ಟರು ಕೈ ಚಾಚಿದರು. ಡೆನೀಸ್ ಕುಲುಕಿದಳು. ತಂಡವೆಲ್ಲ ಚಪ್ಪಾಳೆ ತಟ್ಟಿತು.

“ಸದ್ಯ, ದೊಡ್ಡ ತಲೆನೋವು ತಪ್ಪಿತು,” ಎಂದಳು ಡೆನೀಸ್. “ಇನ್ನು ಶಿವಗಂಗಾಳನ್ನು ಕಳಿಸಬಹುದು. ಲೀಡ್ಸ್ ತಂಡದವರು ಈ ಸೀಸನ್ನಿಗೆ ಇವಳನ್ನು ಎರವಲು ಕೊಡಿ ಅಂತ ಮೂರು ವಾರದಿಂದ ಕೇಳುತ್ತಿದ್ದಾರೆ. ಅಲ್ಲಿ ಪ್ರತಿ ಪಂದ್ಯದಲ್ಲೂ ಮೂವತ್ತು ನಿಮಿಷ ಆಡುತ್ತಾಳೆ, ಪಳಗುತ್ತಾಳೆ. ನಾನೇ ಬಿಟ್ಟಿರಲಿಲ್ಲ. ಇರುವ ಒಬ್ಬ ಹೊಸಬಳನ್ನೂ ಕಳಿಸಿಬಿಟ್ಟರೆ ಚೀಲ ಹೊರುವವರು ಯಾರು?”

ಶಿವಗಂಗಾ ಕಿರುಚಿ ಅಪ್ಪನನ್ನು ಅಪ್ಪಿಕೊಂಡಳು. ಅವಳ ಕಣ್ಣಲ್ಲಿ ನೀರು. ಡಾಕ್ಟರ ಕಣ್ಣಲ್ಲೂ ಬಂತು. ಮಗಳು ಆಡುತ್ತಾಳೆ! ಮೂವತ್ತು ನಿಮಿಷ! ಆಮೇಲೆ ಮೆಲ್ಲಗೆ ಒಂದು ಸಂಶಯ ಎದ್ದಿತು.

“ಲೀಡ್ಸಿನವರ ಪಂದ್ಯ ಯಾವಾಗ?”

“ಶನಿವಾರ, ನಾಲ್ಕು ಗಂಟೆಗೆ. ನಮ್ಮ ಹಾಗೆಯೇ.”

ಕೈ ಕುಲುಕಿ ಎರಡು ನಿಮಿಷವೂ ಆಗಿರಲಿಲ್ಲ. ಹನ್ನೆರಡು ಹೆಣ್ಣುಮಕ್ಕಳು ನೋಡುತ್ತಿದ್ದರು. ಆಗೋದಿಲ್ಲ ಅನ್ನಲು ಡಾಕ್ಟರಿಗೆ ನಾಲಿಗೆ ಏಳಲಿಲ್ಲ, ಸುಟ್ಟ ದಾಕ್ಷಿಣ್ಯ.

“ಚಿಂತಿ ಬಿಡ್ರಿ ಡಾಕ್ಟರ್ರೇ,” ಎಂದ ಚಿದಾನಂದ. “ಪ್ರತಿ ವಾರ ನಾ ಅವ್ವಾರನ್ನ ಲೀಡ್ಸಿಗೆ ಕರಕೊಂಡು ಹೊಕ್ಕೀನಿ. ಆಟ ಹೆಂಗಾತು ಅಂತ ನಿಮಗ ಫೋನ್ ಮಾಡಿ ಹೇಳ್ತೀನಿ.”

“ಪುಣ್ಯಾತ್ಮ,” ಎಂದಳು ಸಿದ್ದವ್ವ.

ಡಾಕ್ಟರು ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯತ್ತ ಧಾವಿಸಿ ಬೆರಳಿಟ್ಟು ಹುಡುಕಿದರು. ಸಿಕ್ಕಿತು! ಮಾರ್ಚ್ ಎರಡನೆಯ ಶನಿವಾರ, ಹೆರನ್ಸ್ ಮತ್ತು ಲೀಡ್ಸ್, ಇದೇ ಅಂಗಣ. “ನೋಡ್ರಿ, ಅವತ್ತ ನನ್ನ ಮಗಳ ಆಟ ಇಲ್ಲೇ, ನನ್ನ ಕಣ್ಣ ಮುಂದ!” ಎಂದು ಕುಣಿದಾಡಿದರು.

ಶಿವಗಂಗಾ ಡೆನೀಸಳ ಮುಖ ನೋಡಿದಳು. ಡೆನೀಸ್ ತಲೆಯಾಡಿಸಿದಳು. ಎರವಲು ಹೋದ ಆಟಗಾರ್ತಿ ತನ್ನ ಮೂಲ ತಂಡದ ವಿರುದ್ಧ ಆಡುವಂತಿಲ್ಲ, ಅದು ಕರಾರು. ಅವತ್ತೊಂದು ದಿನ ಅವಳಿಗೆ ಬೆಂಚೇ ಗತಿ.

ಮಗಳು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಅಪರೂಪಕ್ಕೆ ಅಚ್ಚ ಗದಗಿನ ಕನ್ನಡದಲ್ಲಿ ಸಮಾಧಾನ ಹೇಳಿದಳು.

“ಬ್ಯಾಸರ ಮಾಡ್ಕೋಬ್ಯಾಡ ಅಪ್ಪಾ. ಅವತ್ತ ನಾ ಖಾಲಿ ಕೂತಿರ್ತೀನಲ್ಲ, ಬಾಟ್ಲಿ ತುಂಬಾಕ ನಿನಗ ಕೈ ಹಚ್ಚತೀನಿ.”