ಗೇಟಿಲ್ಲದ ನೀರು

"ಮಧ್ಯಾಹ್ನದೊಳಗ ತಿರುಗಿ ಬರ್ರಿ, ನೀರು ಏರ್ತೈತಿ" ಎಂದು ನರಸಣ್ಣ ಹೇಳಿದ್ದೇ ತಪ್ಪಾಯಿತು. ತುರ್ವಿಹಾಳದ ಕಾಲುವೆಯಲ್ಲಿ ಮೂವತ್ತು ವರ್ಷ ಗೇಟು ಎತ್ತಿ ಇಳಿಸಿದ ನೀರಗಂಟಿ ಪಕೀರಪ್ಪನಿಗೆ ನೀರಿನ ವಿಷಯದಲ್ಲಿ ಬುದ್ಧಿ ಹೇಳಿದ ಮೊದಲ ಮನುಷ್ಯ ಅವನು.

"ನೀರು ತಾನಾಗಿ ಏರಂಗಿಲ್ಲ, ನರಸಣ್ಣ. ಯಾರರೆ ಬಿಟ್ರ ಏರ್ತೈತಿ. ಇವತ್ತು ಐತವಾರ, ಯಾರು ಬಿಡ್ತಾರ?"

ನರಸಣ್ಣ ಆಂಧ್ರದ ಕರಾವಳಿಯಿಂದ ಬಂದು ಸಿಂಧನೂರಿನ ವಲಸೆ ರೈತರ ಕ್ಯಾಂಪಿನಲ್ಲಿ ಗದ್ದೆ ಮಾಡಿದವನು. ಮಗಳ ಮದುವೆಯನ್ನು ಹುಟ್ಟೂರಲ್ಲಿ ಇಟ್ಟುಕೊಂಡು ತುರ್ವಿಹಾಳದವರನ್ನೂ ಕರೆದಿದ್ದ. ಮದುವೆಯ ಮರುದಿನ ಪಕೀರಪ್ಪ, ನೆರೆಮನೆಯ ಕನಕಮ್ಮ, ಅದೇ ಓಣಿಯ ಗೋಪಣ್ಣ ಮೂವರೂ ಎದುರಿನ ದ್ವೀಪ ನೋಡಲು ಹೊರಟರು. ದ್ವೀಪವೆಂದರೆ ಸಮುದ್ರಕ್ಕೆ ಅಡ್ಡ ಹಾಕಿದಂಥ ಉದ್ದನೆಯ ಮರಳಿನ ಒಡ್ಡು. ಆಚೆ ಸಮುದ್ರ, ಈಚೆ ಹಿನ್ನೀರು. ನೀರು ಇಳಿದಾಗ ಮೊಣಕಾಲುದ್ದದಲ್ಲಿ ನಡೆದೇ ದಾಟಬಹುದು.

ಸಂಜೆಯ ಬಸ್ಸು ತಪ್ಪಬಾರದಿತ್ತು. ಸೋಮವಾರ ಕಾಲುವೆಯ ಕೊನೆಯ ಭಾಗದವರ ನೀರಿನ ಪಾಳಿ. ಪಕೀರಪ್ಪ ನಿಂತು ಕಾಯದಿದ್ದರೆ ಮೇಲಿನವರು ನೀರು ತಿರುಗಿಸಿಕೊಳ್ಳುತ್ತಾರೆ. ಕನಕಮ್ಮನ ಎರಡೆಕರೆ ಭತ್ತ ತೆನೆ ಕಟ್ಟುವ ಹೊತ್ತಿನಲ್ಲಿ ಒಣಗುತ್ತದೆ.

ದ್ವೀಪದಲ್ಲಿ ಸರ್ವೆ ಮರದ ತೋಪು, ಪಟ್ಟೆಯ ದೀಪಸ್ತಂಭ, ಗಾಡಿಯ ಜಾಡಿನಂತೆ ಮರಳಲ್ಲಿ ಆಮೆ ಹೋದ ಗುರುತು. ಎರಡು ಉಪ್ಪುನೀರಿನ ನಡುವೆ ಒಂದು ಒರತೆ, ಅದರಲ್ಲಿ ಸಿಹಿನೀರು. ಪಕೀರಪ್ಪ ಬೊಗಸೆಯಲ್ಲಿ ಕುಡಿದು ಬಹಳ ಹೊತ್ತು ಅಲ್ಲೇ ಕುಳಿತ.

ತಿರುಗಿ ಬಂದಾಗ ದಾಟುವ ಜಾಗದಲ್ಲಿ ನೀರು ಎದೆಮಟ್ಟ ಮೀರಿತ್ತು.

"ನೀರಗಂಟಿ ಸಾಹೇಬ್ರ, ಇವತ್ತು ಐತವಾರ ಅಲ್ರಿ?" ಎಂದಳು ಕನಕಮ್ಮ.

"ಎಲ್ಲೋ ಗೇಟು ಎತ್ಯಾರ," ಎಂದು ಪಕೀರಪ್ಪ ದಂಡೆ ಹಿಡಿದು ನಡೆದ. ಗೋಪಣ್ಣ, ಹೆಣ್ಣು ನೋಡಲು ಬಂದ ಸೋದರಮಾವನಂತೆ, ಹೆಜ್ಜೆಗೊಂದು ಸಲಹೆ ಕೊಡುತ್ತ ಹಿಂದೆ ಬಂದ.

"ಆ ಕಂಬದಾಗ ಇರಬೇಕು ನೋಡಣ್ಣಾ. ಇಲ್ಲಾಂದ್ರ ಅಷ್ಟೆತ್ತರ ಯಾಕ ಕಟ್ತಾರ?"

ದೀಪಸ್ತಂಭದ ಕಾವಲುಗಾರನಿಗೆ ಪಕೀರಪ್ಪ ಕ್ಯಾಂಪಿನಲ್ಲಿ ಕಲಿತ ತೆಲುಗಿನಲ್ಲಿ ಕೈಮುಗಿದು ಕೇಳಿದ: ಒಂದೇ ತಾಸು ಗೇಟು ಇಳಿಸಬೇಕು, ತಾನೂ ನೀರಿನ ಇಲಾಖೆಯವನೇ. ಕಾವಲುಗಾರ ನಗಲಿಲ್ಲ. ಹಗಲಲ್ಲೇ ಬಿಳಿಚಿಕೊಂಡು ನಿಂತಿದ್ದ ಚಂದ್ರನತ್ತ ಬೆರಳು ತೋರಿಸಿದ.

ಪಕೀರಪ್ಪ ಮೇಲೆ ನೋಡಿದ. "ಅವನ ಮ್ಯಾಲ ಯಾರದಾರ?" ಎಂದ.

ದೋಣಿಗಳೆಲ್ಲ ಮೀನಿಗೆ ಹೋಗಿದ್ದವು. ಮೂವರೂ ಮರಳಲ್ಲಿ ಕುಳಿತರು.

"ಪೀರಮ್ಮ ಇರಬೇಕಿತ್ತು," ಎಂದಳು ಕನಕಮ್ಮ. ಪೀರಮ್ಮ ಪಕೀರಪ್ಪನ ಹೆಂಡತಿ. ಹೋದ ವರ್ಷ ತೀರಿಕೊಂಡಿದ್ದಳು.

"ಸಮುದ್ರ ತೋರ್ಸು ಅಂತಿದ್ಲು. ಈ ಪಾಳಿ ಮುಗೀಲಿ ಅಂತಿದ್ದೆ. ಪಾಳಿ ಮುಗೀಲೇ ಇಲ್ಲ."

ಗೋಪಣ್ಣ ಸರ್ವೆಯ ಒಣ ಕಡ್ಡಿ ಆರಿಸಿ ತಂದು ಬೆಂಕಿ ಹಾಕಿದ.

ಕತ್ತಲಲ್ಲಿ ದಾಟುವುದು ಬೇಡವೆಂದು ರಾತ್ರಿ ಅಲ್ಲೇ ಕಳೆದು, ಬೆಳಿಗ್ಗೆ ನೀರು ಇಳಿದ ಮೇಲೆ ದಾಟಿದರು. ತುರ್ವಿಹಾಳ ಮುಟ್ಟುವಾಗ ಮಂಗಳವಾರ. ಕನಕಮ್ಮ ಮನೆಗೆ ಹೋಗದೆ ಗದ್ದೆಗೆ ಓಡಿದಳು. ಹಿಂದೆ ಪಕೀರಪ್ಪ, ತಪ್ಪು ಒಪ್ಪಿಕೊಳ್ಳಲು ಮಾತು ಹುಡುಕುತ್ತ.

ಗದ್ದೆ ತುಂಬಿ ನಿಂತಿತ್ತು. ಅವಳದಷ್ಟೇ ಅಲ್ಲ, ಕಟ್ಟಕಡೆಯ ಮಡಿಯವರೆಗೂ ನೀರು. ಪಕೀರಪ್ಪನ ಮೂವತ್ತು ವರ್ಷದಲ್ಲಿ ಅಲ್ಲಿತನಕ ಅದು ಹರಿದದ್ದೇ ಇಲ್ಲ.

ಮೇಲಿನ ಭಾಗದ ಗದ್ದೆಪ್ಪ ಸಿಟ್ಟಿನಿಂದ ಬಂದ. "ಎರಡು ದಿನದಿಂದ ಯಾವ ಜಾಲಿ ಕಂಟ್ಯಾಗ ಅಡಗಿ ಕುಂತಿದ್ದಿಯೋ ಮಾರಾಯ? ಸಮುದ್ರಕ್ಕ ಹೋಗ್ಯಾನಂತ ಸುದ್ದಿ ಹಬ್ಬಿಸಿದ್ರ ನಂಬ್ತೀವೇನು? ಪಾಳಿ ಬಿಟ್ಟು ಹೋಗೋ ಮನುಷ್ಯಾನ ನೀ? ನಿನಗ ಹೆದರಿ ಒಬ್ಬನೂ ಗೇಟು ಮುಟ್ಟಿಲ್ಲ ನೋಡು!"

ಕನಕಮ್ಮ ಬದುವಿನ ಮೇಲೆ ಕುಳಿತು ನಕ್ಕಳು. "ಇನ್ಮ್ಯಾಲ ಪಾಳಿಗೊಮ್ಮೆ ಎಲ್ಲಾದ್ರೂ ಹೋಗಿಬಿಡು ಯಣ್ಣಾ. ನೀ ಇಲ್ಲದಿದ್ರನ ನೀರು ಛಲೋ ಬರ್ತೈತಿ."

ಪಕೀರಪ್ಪ ನಗಲಿಲ್ಲ.

"ಇದನ್ನ ಪೀರಮ್ಮ ಇದ್ದಾಗ ಹೇಳಬಾರದಿತ್ತೇನವಾ?" ಎಂದ.