ಹದಿನಾಲ್ಕನೆಯ ನಿಯಮ ಮತ್ತು ಜಟ್ಟಪ್ಪನ ಬಿಳಿ ಪ್ಯಾಂಟು

ನನಗೆ ಇಂಗ್ಲಿಷ್ ಬರುತ್ತದೆ. ಈ ಅನಾಹುತಕ್ಕೆಲ್ಲ ಮೂಲ ಕಾರಣ ಅದೇ.

ಅರವತ್ತರ ದಶಕದ ನಡುವೆ ನಾನು ಹೊನ್ನಾವರದಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೆ. ಯಾರಿಗೆ ಅರ್ಜಿ ಬೇಕಾದರೂ, ಮಾನಪತ್ರ ಬೇಕಾದರೂ ನನ್ನ ಜಗಲಿಗೇ ಬರುತ್ತಿದ್ದರು. ಆದ್ದರಿಂದ ಒಂದು ರಾಷ್ಟ್ರೀಯ ಕ್ರೀಡೆಯ ಆಡಳಿತ ನೋಡಿಕೊಳ್ಳುವುದು ನನಗೆ ನೀರು ಕುಡಿದಷ್ಟು ಸುಲಭವೆಂದು ಪ್ರಾಮಾಣಿಕವಾಗಿ ನಂಬಿದ್ದೆ.

ಕ್ರೀಡೆಯ ಹೆಸರು ಟೆನ್‌ಪಿನ್ ಬೌಲಿಂಗ್. ಹತ್ತು ಮರದ ಗೂಟಗಳನ್ನು ತ್ರಿಕೋನದಲ್ಲಿ ನಿಲ್ಲಿಸಿ, ದೂರದಿಂದ ಭಾರದ ಚೆಂಡು ಉರುಳಿಸಿ ಬೀಳಿಸುವ ಆಟ. ಮುಂಬಯಿಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಭಟ್ಕಳದ ಸಾಹೇಬರೊಬ್ಬರು ಅಲ್ಲಿನ ಕ್ಲಬ್ಬಿನಲ್ಲಿ ಇದನ್ನು ನೋಡಿ ಮರುಳಾಗಿ ಬಂದರು. ಹೊನ್ನಾವರ ಬಂದರದಲ್ಲಿ ಸರಕು ತುಂಬಿಡುವ ಅವರದೊಂದು ವಖಾರಿ ಖಾಲಿ ಬಿದ್ದಿತ್ತು. ಅದರ ಉದ್ದಕ್ಕೂ ಹಲಗೆ ಹಾಸಿಸಿ, ಬಡಗಿಯಿಂದ ಹತ್ತು ಗೂಟ, ಹಲಸಿನ ಮರದ ಒಂದು ಚೆಂಡು ಮಾಡಿಸಿದರು. ಸಂಜೆ ಊರಿನ ಗಣ್ಯರೆಲ್ಲ ಸೇರಿ ಆಡಿದೆವು. ಪೋಸ್ಟ್ ಮಾಸ್ತರರ ಚೆಂಡು ಬಾಗಿಲಿನಿಂದ ಹೊರಗೆ ಹೋಯಿತು. ನನ್ನದು ಸಾಹೇಬರ ಕಾಲಿನ ಮೇಲೆ ಹೋಯಿತು!

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವನು ಬೆಳಕೆ ಊರಿನ ಜಟ್ಟಪ್ಪ. ಬಂದರದಲ್ಲಿ ದೋಣಿಯಿಂದ ಇಳಿದ ಎಣ್ಣೆ ಪೀಪಾಯಿಗಳನ್ನು ವಖಾರಿಗಳಿಗೆ ಉರುಳಿಸುವುದು ಅವನ ಕೆಲಸ. ಪೀಪಾಯಿಯನ್ನು ನೂಕಿ, ಕೊನೆಗೆ ಅಂಗೈಯಿಂದ ಸಣ್ಣದೊಂದು ತಿರುವು ಕೊಟ್ಟು ಬಿಟ್ಟನೆಂದರೆ ಅದು ಕಂಬವನ್ನು ಬಳಸಿಕೊಂಡು ಹೋಗಿ ಸಾಲಿನಲ್ಲಿ ತಾನೇ ನಿಲ್ಲುತ್ತಿತ್ತು.

"ನಾ ಒಂದ್ಸಲ ಬಿಡ್ಲಾ ಮಾಸ್ತರೆ?" ಎಂದ.

ಬಿಟ್ಟ. ಚೆಂಡು ಹಲಗೆಯ ಅಂಚಿನಲ್ಲೇ ಹೋಗಿ, ಕೊನೆಗೆ ಒಳಗೆ ಬಾಗಿ ಹೊಡೆಯಿತು. ಹತ್ತೂ ಬಿದ್ದವು! ಮತ್ತೆ ನಿಲ್ಲಿಸಿದೆವು. ಮತ್ತೆ ಹತ್ತೂ ಬಿದ್ದವು. ಮೂರನೆಯ ಸಲಕ್ಕೆ ನಿಲ್ಲಿಸಿ ನಿಲ್ಲಿಸಿ ನನ್ನ ಸೊಂಟ ಬಿತ್ತು.

ಸಾಹೇಬರು ಮುಂಬಯಿಗೆ ಬರೆದರು. ಈ ಆಟಕ್ಕೊಂದು ಅಖಿಲ ಭಾರತ ಸಮಿತಿಯಿತ್ತು. ಅವರ ಆಯ್ಕೆ ಪಂದ್ಯದಲ್ಲಿ ಚೆನ್ನಾಗಿ ಆಡಿದವರನ್ನು ಮುಂಬಯಿ ಹಡಗುಕಟ್ಟೆಯ ಕಂಪನಿಯೊಂದು ತನ್ನ ತಂಡಕ್ಕೆ ತೆಗೆದುಕೊಳ್ಳುತ್ತಿತ್ತು. ಕಾಯಂ ನೌಕರಿ, ಇರಲು ಖೋಲಿ. ಜಟ್ಟಪ್ಪನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಮಳೆಗಾಲದಲ್ಲೂ ಕೆಲಸ ಇರ್ತದಾ?"

ಮಳೆಗಾಲದಲ್ಲಿ ನಮ್ಮ ಬಂದರು ಮುಚ್ಚುತ್ತಿತ್ತು. ಆ ತಿಂಗಳುಗಳಲ್ಲಿ ಅವನ ಮನೆಯವರು ಏನು ತಿನ್ನುತ್ತಿದ್ದರೆಂದು ನಾನು ಯಾವತ್ತೂ ಕೇಳಿರಲಿಲ್ಲ. "ಇರುತ್ತದೆ ಮಾರಾಯಾ, ವರ್ಷವಿಡೀ ಇರುತ್ತದೆ. ನಾನಿದ್ದೇನೆ" ಎಂದೆ. ಅವನು ನಂಬಿದ. ಆಗ ನಾನೂ ನಂಬಿದ್ದೆ.

ಷರತ್ತು ಒಂದೇ. ಆಟಗಾರ ಮಾನ್ಯತೆ ಪಡೆದ ಸಂಘದ ಮೂಲಕವೇ ಬರಬೇಕು. ಸರಿ, ಕುಮಟಾದ ವಕೀಲರ ಮನೆಯಲ್ಲಿ ಸಂಘ ಸ್ಥಾಪಿಸಲು ಸಭೆ ಸೇರಿದೆವು. ಹೊನ್ನಾವರವೂ ಸೇರಿ ಮೂರು ತಾಲೂಕುಗಳ ಈ ಸಂಘದ ಹೆಸರಿನಲ್ಲಿ ಕುಮಟಾ ಮೊದಲೋ ಭಟ್ಕಳ ಮೊದಲೋ ಎಂಬ ಗಹನ ವಿಷಯದ ಮೇಲೆ ಎರಡು ಸಲ ಚಹಾ, ಒಂದು ಸಲ ಊಟ ಆಯಿತು. ಕೊನೆಗೆ ಸಾಹೇಬರು ಅಧ್ಯಕ್ಷರಾದರು. ಅಧ್ಯಕ್ಷತೆಗಾಗಿ ಹೊಸ ಕೋಟು ಹಾಕಿ ಕುಳಿತಿದ್ದ ವಕೀಲರು ಉಪಾಧ್ಯಕ್ಷರಾದರು. ನಾನು ಕಾರ್ಯದರ್ಶಿ.

ಮನೆಗೆ ಬಂದು ಹೆಂಡತಿ ಸುಶೀಲೆಗೆ ಪಟ್ಟಿ ಓದಿ ಹೇಳಿದೆ.

"ಹನ್ನೊಂದು ಜನ ಪದಾಧಿಕಾರಿಗಳಾ! ಆಡೂದು ಯಾರು?"

"ಜಟ್ಟಪ್ಪ."

"ಅಂವ ಈ ಪಟ್ಟಿಲಿ ಎಲ್ಲಿದ್ದಾ?"

"ಅವನೆಂತಕೆ? ಅವನಿಗೆ ಇಂಗ್ಲಿಷ್ ಬರೂದಿಲ್ಲ."

"ಚೆಂಡಿಗೆ ಬತ್ತದಾ?" ಎಂದು ಅವಳು ಒಳಗೆ ಹೋದಳು.

ನಾನು ನಿಯಮಾವಳಿ ರಚನೆಗೆ ಕುಳಿತೆ. ಶಾಲೆಯ ಕಪಾಟಿನಲ್ಲಿ ಯಾವುದೋ ವಿಲಾಯಿತಿ ದೋಣಿ ಕ್ಲಬ್ಬಿನ ಹಳೆಯ ಪುಸ್ತಕ ಸಿಕ್ಕಿತು. ಅದರ ಗತ್ತು ನನಗೆ ಬಹಳ ಹಿಡಿಸಿತು. ಒಂಬತ್ತನೆಯ ನಿಯಮ: ಆಟಗಾರನು ಬಿಳಿಯ ಪ್ಯಾಂಟು ಧರಿಸತಕ್ಕದ್ದು. ಹನ್ನೆರಡು: ಆಟಗಾರನು ಅನರ್ಹನಾದಲ್ಲಿ ಕಾರ್ಯದರ್ಶಿಯೇ ಸಂಘವನ್ನು ಪ್ರತಿನಿಧಿಸತಕ್ಕದ್ದು. ಹದಿನಾಲ್ಕು ನನ್ನ ಇಂಗ್ಲಿಷಿನ ಶಿಖರ. "ಯಾರ ಜೀವನೋಪಾಯವು ಎತ್ತುವ, ತಳ್ಳುವ ಅಥವಾ ಉರುಳಿಸುವ ಕೈಶ್ರಮದಿಂದ ನಡೆಯುವುದೋ ಅಂಥವರನ್ನು ಹವ್ಯಾಸಿ ಆಟಗಾರರೆಂದು ಪರಿಗಣಿಸತಕ್ಕದ್ದಲ್ಲ" ಎಂದು ಅದರ ಅರ್ಥ. ಹವ್ಯಾಸಿಯಲ್ಲದವನು ಪಂದ್ಯಕ್ಕೆ ಅನರ್ಹ. ಮೂಲ ಪುಸ್ತಕದಲ್ಲಿ ಎತ್ತುವ, ತಳ್ಳುವ ಎಂದಷ್ಟೇ ಇತ್ತು. ವಾಕ್ಯ ಮೊಟಕಾಗಿ ಕಂಡಿತು. ಉರುಳಿಸುವ ಎಂಬುದನ್ನು ನಾನೇ ಸೇರಿಸಿದೆ!

ಮುಂಬಯಿಯಿಂದ ಮಾನ್ಯತೆ ಬಂತು. ಒಂಬತ್ತನೆಯ ನಿಯಮದ ಪ್ರಕಾರ ಜಟ್ಟಪ್ಪ ಬಿಳಿ ಪ್ಯಾಂಟು ಹೊಲಿಸಿದ. ಹುಟ್ಟಿದಾಗಿನಿಂದ ಮೊದಲನೆಯದು. ಅದನ್ನು ಎದೆಗೆ ಹಿಡಿದುಕೊಂಡು ತೋರಿಸಲು ಬಂದಿದ್ದ.

ಹೆಸರು ಕಳಿಸುವ ಸಭೆಯಲ್ಲಿ ವಕೀಲರು ಕನ್ನಡಕ ಏರಿಸಿ, ಹದಿನಾಲ್ಕನೆಯ ನಿಯಮವನ್ನು ನಿಧಾನವಾಗಿ ಓದಿದರು. "ಎಂಥ ಸುಂದರ ವಾಕ್ಯ ಮಾಸ್ತರೆ! ಈ ಜಟ್ಟಪ್ಪ ಬಂದರದಲ್ಲಿ ಎಂತ ಮಾಡೂದು?"

"ಪೀಪಾಯಿ..." ಎಂದೆ.

"ಅರೆ, ನಿಯಮ ಹೊಡೆದು ಹಾಕಿ! ಪೆನ್ಸಿಲ್ ಇಲ್ವಾ ಯಾರ ಹತ್ರಾನೂ?" ಎಂದು ಸಾಹೇಬರು ಕೂಗಿದರು.

ಮತಕ್ಕೆ ಹಾಕಿದರು. ಹೊಡೆದು ಹಾಕಲು ಐದು ಕೈ ಎದ್ದವು. ಉಳಿಸಲು ಐದು. ಎಲ್ಲರೂ ನನ್ನ ಕಡೆ ನೋಡಿದರು.

ಇಲ್ಲಿ ಸುಳ್ಳು ಹೇಳುವುದಿಲ್ಲ. ನನ್ನ ಕೈ ಮೇಲೇಳಲಿಲ್ಲ. ನನ್ನ ಜನ್ಮದಲ್ಲೇ ಬರೆದ ಅತ್ಯುತ್ತಮ ಇಂಗ್ಲಿಷ್ ವಾಕ್ಯ ಅದು; ವಕೀಲರು ಎಲ್ಲರೆದುರು ಹೊಗಳಿದ ವಾಕ್ಯ. ಅದು ತಪ್ಪೆಂದು ಸಭೆಯಲ್ಲಿ ಒಪ್ಪಿಕೊಳ್ಳುವುದು ಹೇಗೆ? "ನಿಯಮ ನಿಯಮವೇ" ಎಂದೆ. ಸಾಹೇಬರು ಟೋಪಿ ಎತ್ತಿಕೊಂಡು ಎದ್ದು ಹೋದರು. ಹನ್ನೆರಡನೆಯ ನಿಯಮದ ಪ್ರಕಾರ ದೇಶದ ಪಂದ್ಯಕ್ಕೆ ಮೂರು ತಾಲೂಕುಗಳ ಪ್ರತಿನಿಧಿಯಾಗಿ ಆಯ್ಕೆಯಾದವನು ನಾನು!

ಜಟ್ಟಪ್ಪನಿಗೆ ಸುದ್ದಿ ಹೇಳಲು ಬಂದರಕ್ಕೆ ಹೋದೆ. ಅವನು ಪೀಪಾಯಿ ನಿಲ್ಲಿಸಿ ಕೇಳಿದ. ಬಯ್ಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆತು ಮಾಸ್ತರೆ" ಎಂದ. ನನ್ನ ಪಂಚೆಯ ಕಡೆ ನೋಡಿ, "ನಿಮ್ಗೆ ಬಿಳಿ ಪ್ಯಾಂಟು ಇಲ್ಲ ಅಲ್ದಾ? ನಂದು ತಕಂಡು ಹೋಗಿ" ಎಂದ.

ನಾನು ತೆಗೆದುಕೊಂಡೆ. ಹೌದು, ಅದನ್ನೂ ತೆಗೆದುಕೊಂಡೆ.

ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು. ಮುಂಬಯಿಯ ಆ ಹಲಗೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಜಟ್ಟಪ್ಪನ ಪ್ಯಾಂಟಿನಲ್ಲಿ ನನ್ನಂಥವರು ಇಬ್ಬರು ಹಿಡಿಯಬಹುದಿತ್ತು. ಒಂದು ಕೈಯಲ್ಲಿ ಸೊಂಟ ಹಿಡಿದು ಇನ್ನೊಂದು ಕೈಯಲ್ಲಿ ಚೆಂಡು ಬಿಟ್ಟೆ. ಮೊದಲನೆಯದು ಹಲಗೆಯ ಪಕ್ಕ ತೋಡಿದ್ದ ಚರಂಡಿಗೆ. ಎರಡನೆಯದು ಚರಂಡಿಗೆ. ಮೂರನೆಯದಕ್ಕೆ ಎರಡೂ ಕೈ ಹಚ್ಚಿದೆ. ಪ್ಯಾಂಟು ಮೊಣಕಾಲಿಗೆ ಇಳಿಯಿತು. ಚೆಂಡು ಹಾರಿ ಪಕ್ಕದ ಸಾಲಿಗೆ ಹೋಗಿ ಅಲ್ಲಿಯ ಒಂದು ಗೂಟ ಬೀಳಿಸಿತು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು!

ಅವತ್ತು ಗೆದ್ದವನು ಹಡಗುಕಟ್ಟೆಯಲ್ಲಿ ಹತ್ತಿಯ ಗಂಟು ಉರುಳಿಸುವ ಕೂಲಿ.

ನಾನು ಪ್ಯಾಂಟು ಹಿಡಿದುಕೊಂಡೇ ಅಲ್ಲಿಯ ಕಾರ್ಯದರ್ಶಿಯ ಬಳಿಗೆ ಓಡಿದೆ. "ಸ್ವಾಮಿ, ಇವನು ಹವ್ಯಾಸಿ ಹೇಗಾಗುತ್ತಾನೆ? ನಮ್ಮ ಹದಿನಾಲ್ಕನೆಯ ನಿಯಮ..."

ಅವರು ನಕ್ಕರು. "ಅದು ನಿಮ್ಮ ನಿಯಮ. ನಮ್ಮಲ್ಲಿ ಅಂಥದ್ದು ಇಲ್ಲವೇ ಇಲ್ಲ. ಈ ಆಟಕ್ಕೆ ಕೂಲಿ ತೆಗೆದುಕೊಳ್ಳಬಾರದು, ಅಷ್ಟೇ. ನಿಮ್ಮ ಇಂಗ್ಲಿಷ್ ಮಾತ್ರ ಬಹಳ ಚೆನ್ನಾಗಿದೆ."

ಊರಿಗೆ ಬಂದಾಗ ಮೋಡ ಕಟ್ಟಿತ್ತು. ಬಂದರದಲ್ಲಿ ಕೊನೆಯ ದೋಣಿಯ ಸಾಮಾನು ಇಳಿಯುತ್ತಿತ್ತು. ಸುಶೀಲೆ ಒಗೆದು ಮಡಚಿಕೊಟ್ಟ ಪ್ಯಾಂಟನ್ನು ಜಟ್ಟಪ್ಪನ ಕೈಗೆ ಕೊಡಹೋದೆ.

"ಎಷ್ಟು ಬಿತ್ತು ಮಾಸ್ತರೆ?"

"ಒಂದು. ಅದೂ ಬೇರೆಯವರ ಸಾಲಿಂದು."

ಅವನು ನಗಲಿಲ್ಲ. ಆಕಾಶ ನೋಡಿದ. "ಪ್ಯಾಂಟು ನಿಮ್ಗೇ ಇರ್ಲಿ. ಮಳೆಗಾಲದಲ್ಲಿ ನಂಗೆ ಬಿಳಿದು ಎಂತಕೆ?" ಎಂದು ಪೀಪಾಯಿಗೆ ಕೈ ಹಚ್ಚಿದ. ಅದು ಕಂಬ ಬಳಸಿ ಹೋಗಿ ಸಾಲಿನಲ್ಲಿ ನಿಂತಿತು.

ಸಂಘ ಅದೇ ವರ್ಷ ಸತ್ತಿತು. ನಿಯಮಾವಳಿಯ ಪ್ರತಿಗಳನ್ನು ಸುಶೀಲೆ ಬಹಳ ಕಾಲ ಒಲೆ ಹೊತ್ತಿಸಲು ಬಳಸಿದಳು. ಪ್ಯಾಂಟು ಇನ್ನೂ ನನ್ನ ಟ್ರಂಕಿನಲ್ಲಿದೆ. ನಿವೃತ್ತನಾದ ಮೇಲೆ ನನಗೆ ಹೊಟ್ಟೆ ಬಂದಿದೆ. ಈಗ ಅದು ಸರಿಯಾಗಿ ಹಿಡಿಸುತ್ತದೆ ಎನ್ನುತ್ತಾಳೆ ಸುಶೀಲೆ. ನಾನು ಹಾಕಿ ನೋಡಿಲ್ಲ.