ನಿರ್ವಾಹಕರ ಅನುಮತಿ ಬೇಕು

ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ, ಕಂಪ್ಯೂಟರಾದರೂ ಕೇಳಲಿ ಎಂದು ಅದರಲ್ಲಿ ಎರಡು ಖಾತೆ ಮಾಡಿದೆ. ವೈಜನಾಥನೆಂಬ ನಾನು ‘ನಿರ್ವಾಹಕ’. ಹೆಂಡತಿ ಸಪ್ನಾ ‘ಸಾಮಾನ್ಯ ಬಳಕೆದಾರ’. ಹೊಸ ಪ್ರೋಗ್ರಾಂ ಏನು ಹಾಕಬೇಕಾದರೂ ನಿರ್ವಾಹಕನ ಪಾಸ್‌ವರ್ಡ್ ಬೇಕು. (ಇದಕ್ಕೆ ಸುರಕ್ಷತೆ ಎನ್ನುತ್ತಾರೆ. ಸಪ್ನಾ ಬೇರೇನೋ ಎಂದಳು.)

“ನಿರ್ವಾಹಕ ಅಂದ್ರ ಬಸ್ ಕಂಡಕ್ಟರ್ ಅಲ್ರೀ? ನಮ್ಮಪ್ಪ ಹುಮನಾಬಾದ್ ಡಿಪೋದಾಗ ಮೂವತ್ತು ವರ್ಷ ಅದೇ ಕೆಲಸ ಮಾಡ್ಯಾನ.”

“ಇದು ಬ್ಯಾರೆ. ಏನರ ಬೇಕಂದ್ರ ಅರ್ಜಿ ಕೊಡು.”

ಮೂರು ವಾರ ಅರ್ಜಿಗಳು ಬಂದವು. ಗಂಭೀರವಾಗಿ ಪರಿಶೀಲಿಸಿದೆ. ನಾಲ್ಕನೆಯ ವಾರ ತೆಲುಗು ಸೀಮೆಯ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಡ್ಯೂಟಿ ಮೇಲಿದ್ದಾಗ ಅವಳ ಫೋನ್ ಬಂತು: “ಪ್ರಿಂಟರ್ ಅನುಮತಿ ಕೇಳಾಕತ್ತೈತಿ.” ಸೋಮಾರಿತನದಿಂದ ಪಾಸ್‌ವರ್ಡನ್ನೇ ಹೇಳಿಬಿಟ್ಟೆ. ಪ್ರಿಂಟರ್ ಜೊತೆಗೆ ಇನ್ನೇನೇನು ಸರಿಮಾಡಿಕೊಂಡಳೆಂದು ವಿಚಾರಿಸಲಿಲ್ಲ.

ಶನಿವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ನನ್ನ ಬಡ್ತಿಯ ಸಂದರ್ಶನ. ಐದು ವರ್ಷ ಕಾದ ಬಡ್ತಿ. ಹತ್ತು ಐವತ್ತಕ್ಕೆ ಕೂತರೆ ವಿಡಿಯೋ ಪ್ರೋಗ್ರಾಂ ತನ್ನನ್ನು ಅಪ್‌ಡೇಟ್ ಮಾಡು ಎಂದಿತು. ಹೂಂ ಎಂದೆ. ‘ನಿರ್ವಾಹಕರ ಅನುಮತಿ ಬೇಕು’ ಎಂದಿತು. ಪಾಸ್‌ವರ್ಡ್ ಒತ್ತಿದೆ. ನೀನು ಸಾಮಾನ್ಯ ಬಳಕೆದಾರ ಎಂದಿತು.

“ಸಪ್ನಾ! ಏನ್ ಮಾಡಿದಿ ಇದಕ್ಕ?”

“ಹುದ್ದೆ ಅದಲ್‌ಬದಲ್ ಮಾಡೀನ್ರಿ. ನಮ್ದು ವಂಶಪಾರಂಪರ್ಯ. ಅರ್ಜಿ ಕೊಡ್ರಿ.”

“ಹತ್ತೇ ನಿಮಿಷ ಐತಿ!”

“ಹಂಗಾರ ಲಗೂನ ಬರೀರಿ.”

ಬರೆದೆ. ಎರಡು ಕಾಗುಣಿತ ತಪ್ಪು ತಿದ್ದಿಸಿದಳು. ಒಂದು ನಿಮಿಷ ಉಳಿದಾಗ ಪಾಸ್‌ವರ್ಡ್ ಒತ್ತಿ, “ರೈಟ್, ರೈಟ್!” ಎಂದು ಕೂಗಿ ಅಡುಗೆಮನೆಗೆ ಹೋದಳು.

ಪರದೆಯಲ್ಲಿ ಮೂವರು ಮೇಲಧಿಕಾರಿಗಳು, ಮೂವರೂ ತೆಲುಗರು. ಈ ಕಂಪನಿ ಬಿಟ್ಟು ನಾನು ಎಲ್ಲಿಗೂ ಹೋಗುವವನಲ್ಲ ಎಂದು ಎದೆಯುಬ್ಬಿಸಿ ಶುರು ಮಾಡಿದೆ. ಅವರು ನನ್ನ ಮುಖದ ಕೆಳಗೇ ನೋಡುತ್ತಿದ್ದರು. ಹೆಸರಿರಬೇಕಾದಲ್ಲಿ, ಸಪ್ನಾ ನನ್ನ ಖಾತೆಗಿಟ್ಟ ಹೊಸ ಹೆಸರಿತ್ತು: ‘ಪ್ರಯಾಣಿಕ’. ನಮ್ಮ ಲಿಪಿ ತೆಲುಗರಿಗೆ ಸಲೀಸಾಗಿ ಓದಲು ಬರುತ್ತದೆ.

“ಪ್ರಯಾಣಂ ಎಕ್ಕಡಿಕಂಡಿ?” ಎಲ್ಲಿಗೆ ಹೊರಟಿದ್ದೀರಿ ಎಂದು ಹಿರಿಯರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು: “ಪಟಾನ್‌ಚೆರು! ಆಖ್ರಿ ಸ್ಟಾಪ್!”

ಮೂವರೂ ನಕ್ಕರು. ಬಡ್ತಿ ಸಿಕ್ಕಿತು. ಆದೇಶದ ಪ್ರತಿಯನ್ನು ಪ್ರಿಂಟ್ ಮಾಡಿಕೊಳ್ಳಲು ಸೋಮವಾರವೇ ಅರ್ಜಿ ಕೊಟ್ಟಿದ್ದೇನೆ. ಇನ್ನೂ ಪರಿಶೀಲನೆಯಲ್ಲಿದೆ.